ಜಾಮೀನು

ಅಫ್ರೀನ್, ನೀ ಕೇಳಿದ್ದು ಸಣ್ಣ ಮಾತು:
"ಅಕ್ಕಾ, ಆ ಅಪರಾಧಶಾಸ್ತ್ರದ ಡಿಗ್ರಿಗೆ ನಾನೂ ಸೇರ್ಲೇನು?"
ಬಸ್‌ಸ್ಟ್ಯಾಂಡ್ ಮುಂದ ನಿಮ್ಮಪ್ಪ ಪೇರಲ ತೂಗಾಕತ್ತಿದ್ದ.
ತಕ್ಕಡಿ ಇಳಿಸಿದ ಮ್ಯಾಲ, ಅವನ ಕಣ್ಣು ತಪ್ಪಿಸಿ
ನನ್ನ ಚೀಲಕ್ಕ ಎರಡು ಹಣ್ಣು ಹೆಚ್ಚಿಗಿ ಹಾಕಿದಿ.
ಎಂಟು ದಿನ ಆತು,
ಆ ಎರಡು ಹಣ್ಣು ಇನ್ನೂ ಹೊತ್ತಕೊಂಡ ತಿರಗಾಕತ್ತೀನಿ.

ಮೊದಲ ರೊಕ್ಕದ ಮಾತು ಕೇಳು.
ತೊಗೊಂಡದ್ದು ಮೂರು ಲಕ್ಷ ಅರವತ್ತು ಸಾವಿರ.
ಹುಬ್ಬಳ್ಳ್ಯಾಗ ನಾ ಓದುವಾಗ ನನ್ನ ಕೂಡ ಬಡ್ಡಿನೂ ಓದಿತು,
ನನಗಿಂತ ಚಲೋ ಪಾಸಾತು:
ನಾಲ್ಕು ಲಕ್ಷ ಎಪ್ಪತ್ತೊಂದು ಸಾವಿರ.
ತಿಂಗಳಾ ಐದನೇ ತಾರೀಖು
ಆರು ಸಾವಿರದ ಮುನ್ನೂರ ಐವತ್ತೈದು.
ಹತ್ತು ವರ್ಷ. ಕೂಡಿಸಿ ನೋಡಬ್ಯಾಡ, ನಾ ನೋಡೀನಿ.

ಪಗಾರ ಕೈಗೆ ಬರೋದು
ಹನ್ನೆರಡು ಸಾವಿರದ ಒಂಬೈನೂರು.
ನವನಗರದ ಒಂದು ದವಾಖಾನಿ,
ಹನ್ನೆರಡು ಪರದೆ, ಒಂದು ಫ್ಯಾನು.
ಬಾಜೂಕ ಕೂಡೋ ಶಂಕ್ರಣ್ಣ ಏಳನೇತ್ತ ನಪಾಸ,
ಅವಂಗೂ ಅಷ್ಟ ಪಗಾರ. ಖರೇ ಹೇಳ್ಲಿ?
ಅವನ ಕಣ್ಣು ನನ್ನಕಿಂತ ಚುರುಕು.
ಕಾಕಾನ ಮಗ ಯಮನೂರ
ಬರೇ ಪಿಯುಸಿ ಮ್ಯಾಲ ಕಾನ್‌ಸ್ಟೇಬಲ್ ಆದ.
ರಾತ್ರಿ ಫೋನ್ ಮಾಡಿ ಪಂಚನಾಮೆ ಹೆಂಗ ಬರೀಲಿ ಅಂತಾನ.
ಹೇಳ್ತೀನಿ. ಪುಕ್ಕಟ.
ಪಿಎಸ್‌ಐ ಪರೀಕ್ಷೆ ಒಮ್ಮೆ ಮುಂದಕ್ಕ ಹೋತು,
ಒಮ್ಮೆ ಮೂರು ಅಂಕದಾಗ ನಾ ಹಿಂದಕ್ಕ ಬಂದೆ.

ಜಾಮೀನು ಅಂದ್ರ ಬಿಡುಗಡಿ,
ಹಂಗಂತ ಎರಡನೇ ಸೆಮಿಸ್ಟರ್‌ದಾಗ ಓದಿದೆ.
ಬ್ಯಾಂಕಿನ್ಯಾಗ ಅದ ಮಾತಿಗೆ ಕಟ್ಟಿಹಾಕೋದು ಅಂತ ಅರ್ಥ.
ನನಗ ಜಾಮೀನು ನಿಂತಾಕಿ ನಮ್ಮತ್ತಿ ಅಡಿವೆವ್ವ, ಇಳಕಲ್ಲಾಗ ಮಗ್ಗ.
ಸೀರಿ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಹಾಕಿ
ಬೆರಳಿನ ಗೆರಿ ಸವದು ನುಣ್ಣಗ ಆಗ್ಯಾವ.
ಸುಳಿ, ಕುಣಿಕೆ, ಕಮಾನು,
ಬೆರಳಚ್ಚಿಗೆ ಇಷ್ಟ ಜಾತಿ, ನನಗ ಬಾಯಿಪಾಠ.
ಅತ್ತಿ ಹೆಬ್ಬೆಟ್ಟು ಯಾವದರಾಗೂ ಕೂಡಂಗಿಲ್ಲ.
ರೇಶನ್ ಅಂಗಡಿ ಮಶೀನು ಆಕಿನ ಗುರುತ ಹಿಡಿಯಂಗಿಲ್ಲ.
ಬ್ಯಾಂಕಿನ ಕಾಗದ ಮಾತ್ರ ಅವತ್ತ ಹಿಡೀತು,
ಹದಿನಾಲ್ಕು ಕಡೆ.
ಅರ್ಧಕ್ಕರ್ಧ ಹಾಳಿ ಖಾಲಿ ಇದ್ದೂ.
"ಆಮ್ಯಾಲ ತುಂಬ್ತೀವಿ" ಅಂದ್ರು.
ಆಕಿ ನನ್ನ ಮಾರಿ ನೋಡಿ ಒತ್ತಿದಳು.
ನಾ ಬಾಜೂಕ ನಿಂತಿದ್ದೆ,
ಕರವಸ್ತ್ರ ಹಿಡಕೊಂಡು, ಮಸಿ ಒರಸಾಕ.

ಹೋದ ಶ್ರಾವಣದಾಗ ದವಾಖಾನಿಯಾಗ ಎಂಟು ಸಾವಿರ ಕಳೀತು.
ವಾರ್ಡಿನ ಹುಡುಗ ದುರಗಪ್ಪನ್ನ ಸ್ಟೋರ್ ರೂಮಿನ್ಯಾಗ ಕೂಡಿಸಿ
ಮುಂದ ಒಂದು ಬಿಳಿ ಹಾಳಿ ಇಟ್ರು.
"ಸಹಿ ಮಾಡು, ಬರಕೊಳ್ಳೋದು ನಾವು ಬರಕೋತೀವಿ."
ನಾ ಎದ್ದು ಹೋದೆ. ಯಾಕ ಹೋದೆ ಗೊತ್ತಿಲ್ಲ,
ಕಾಲು ಹೋದೂ.
"ಬರೀದ ಹಾಳಿ ಮ್ಯಾಲ ಸಹಿ ಮಾಡಬ್ಯಾಡೋ" ಅಂದೆ.
ಹಿಂದಿನ ಆರು ತಾಸಿನ ಚಿತ್ರ ತಿರುವಿ ತೋರಿಸಿದೆ.
ರೊಕ್ಕ ಡಾಕ್ಟರರ ಇನ್ನೊಂದು ಕೋಟಿನ ಕಿಸೆದಾಗ ಇತ್ತು.

ಆ ಅರ್ಧ ತಾಸನ್ನ ಯಾವ ಕಡೆ ಬರಕೊಳ್ಳಲಿ, ಅಫ್ರೀನ್?
ಜಮಾ ಅನ್ನಬೇಕಂದ್ರ
ಮರುತಿಂಗಳಿಂದ ನನ್ನ ಪಾಳಿ ಬರೇ ರಾತ್ರಿ,
ಓವರ್‌ಟೈಮ್ ಕಟ್.
ಖರ್ಚು ಅನ್ನಬೇಕಂದ್ರ
ದುರಗಪ್ಪ ಈಗೂ ಚಹಾ ತಂದು ಕೊಡ್ತಾನ,
ಏನೂ ಮಾತಾಡಂಗಿಲ್ಲ,
ಲೋಟ ಇಟ್ಟು ಹೊಳ್ಳಿ ಹೋಗ್ತಾನ.

ಸೇರು ಅನ್ನಾಕ ಬಾಯಿ ಬರವಲ್ದು.
ಬ್ಯಾಡ ಅಂದ್ರ ನಾ ಯಾರು?

ಒಂದು ಮಾಡು. ಬ್ಯಾಂಕಿನ ಫಾರ್ಮು ತೊಗೊಂಡು
ಐತವಾರ ಮನಿಗೆ ಬಾ,
ನಿಮ್ಮಪ್ಪನ್ನೂ ಕರಕೊಂಡು ಬಾ.
ಸಣ್ಣ ಅಕ್ಷರದ್ದು ಮೊದಲ ಓದೋಣು, ಜೋರಾಗಿ.
ಎಲ್ಲೆಲ್ಲಿ ಖಾಲಿ ಬಿಟ್ಟಾರ
ಅಲ್ಲೆಲ್ಲಾ ಅಡ್ಡ ಗೆರಿ ಹೊಡಿಯೋದೈತಿ.
ಪೆನ್ನು ನನ್ನ ಹತ್ರ ಐತಿ.